ಎರಡನೆಯ ದೀಕ್ಷಾಸ್ನಾನದ ಪ್ರಶ್ನೆ

ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಜಗತ್ತಿನ ಅನೇಕ ಕ್ರೈಸ್ತ ಸಭೆಗಳು ಐಕ್ಯಕ್ಕಾಗಿ ಪ್ರಾರ್ಥಿಸುವ ವಾರವನ್ನು ಆಚರಿಸುತ್ತವೆ. 1908ರಲ್ಲಿ ಶುರುವಾದ ಈ ರೂಢಿ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆಗೂ ಬಂದಿದೆ. ಕಥೋಲಿಕ ಗುರುಗಳು ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ದೇವಾಲಯಕ್ಕೆ ಬಂದು ಸಂದೇಶ ಕೊಡುತ್ತಾರೆ, ಸಭಾಪಾಲಕರಾದ ನಮ್ಮ ಅಯ್ಯನವರು ಅವರ ಚರ್ಚಿಗೆ ಹೋಗಿ ವಾಕ್ಯ ಓದುತ್ತಾರೆ, ಮಾರ್ಚ್ ತಿಂಗಳ ಮೊದಲ ಶುಕ್ರವಾರ ಬರುವ ವಿಶ್ವ ಪ್ರಾರ್ಥನಾ ದಿನದಂದು ಬೇರೆ ಬೇರೆ ಸಭೆಗಳ ಹೆಣ್ಣುಮಕ್ಕಳು ಒಂದೆಡೆ ಸೇರಿ ಪ್ರಾರ್ಥಿಸುತ್ತಾರೆ. ಇವೆಲ್ಲ ಬೇಕಾದ ಕೆಲಸಗಳೇ. ಇವುಗಳಲ್ಲಿ ಭಾಗವಹಿಸುವುದನ್ನು ನಾನು ಎಂದೂ ತಪ್ಪಿಸಿಲ್ಲ. ಆದರೆ ನಮ್ಮ ಭಾಗದ ಕ್ರೈಸ್ತ ಮನೆತನಗಳನ್ನು ಇವತ್ತು ನಿಜವಾಗಿ ಎರಡು ಮಾಡುತ್ತಿರುವ ಪ್ರಶ್ನೆಯೊಂದಿದೆ, ಅದರ ಬಗ್ಗೆ ಈ ಕೂಟಗಳಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಕೂಸಾಗಿದ್ದಾಗ ಒಂದು ಸಭೆಯಲ್ಲಿ ದೀಕ್ಷಾಸ್ನಾನ (ನೀರು ಮುಟ್ಟಿಸಿ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ) ಹೊಂದಿದವನು ದೊಡ್ಡವನಾದ ಮೇಲೆ ಇನ್ನೊಂದು ಸಭೆಗೆ ಸೇರುವಾಗ ಮತ್ತೊಮ್ಮೆ ದೀಕ್ಷಾಸ್ನಾನ ಹೊಂದಬೇಕೇ ಎಂಬುದು ಆ ಪ್ರಶ್ನೆ. ಹೊಂದಬಾರದು, ಹೊಂದಬೇಕೆಂದು ಯಾರೂ ಕೇಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆ ಹೇಳುವ ಹಕ್ಕು ಬರಬೇಕಾದರೆ ನಮ್ಮಂಥ ಹಳೆಯ ಸಭೆಗಳು ಕೆಲವು ವಿಷಯಗಳನ್ನು ಒಪ್ಪಿಕೊಳ್ಳಬೇಕಾಗುತ್ತದೆ ಎಂಬುದೂ ಅಷ್ಟೇ ಖಚಿತ.

ನಮ್ಮ ಸಭೆಗಳ ಹುಟ್ಟನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ 1834ರಲ್ಲಿ ಕರಾವಳಿಗೆ ಬಂದು, 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಗದುಗಿನ ಪಕ್ಕದ ಬೆಟಗೇರಿಯಲ್ಲಿ ನೆಲೆಗಳನ್ನು ತೆರೆಯಿತು. ಈ ಮಿಶನ್ನಿನ ವಿಶೇಷವೆಂದರೆ ಅದು ಒಂದೇ ಪಂಗಡದ್ದಾಗಿರಲಿಲ್ಲ. ಅದರಲ್ಲಿ ಲೂಥರನ ಹಾದಿಯವರೂ ಇದ್ದರು, ಸ್ವಿಸ್ ಸುಧಾರಣೆಯ ಹಾದಿಯವರೂ ಇದ್ದರು. 1529ರ ಅಕ್ಟೋಬರಿನಲ್ಲಿ ಮಾರ್ಬುರ್ಗ್ ಕೋಟೆಯಲ್ಲಿ ಜರ್ಮನಿಯ ಸುಧಾರಕ ಲೂಥರ್ ಮತ್ತು ಸ್ವಿಸ್ ಸುಧಾರಕ ಜ್ವಿಂಗ್ಲಿ ಎದುರುಬದುರು ಕುಳಿತು ಹದಿನೈದು ವಿಷಯಗಳನ್ನು ಚರ್ಚಿಸಿ, ಹದಿನಾಲ್ಕನ್ನು ಒಪ್ಪಿ, ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸಗಳಲ್ಲಿ ಕ್ರಿಸ್ತನು ಹೇಗಿರುತ್ತಾನೆ ಎಂಬ ಹದಿನೈದನೆಯದರಲ್ಲಿ ಕೂಡಿಬರದೆ ಬೇರೆಯಾದರು. ಆ ಇಬ್ಬರ ಮಕ್ಕಳು ಮರಿಮಕ್ಕಳು ಸುಮಾರು ಮುನ್ನೂರು ವರ್ಷಗಳ ನಂತರ ಒಂದೇ ಮಿಶನ್ನಿನಲ್ಲಿ ಒಂದೇ ಮೇಜಿನ ಮುಂದೆ ನಿಂತು, ನಮ್ಮ ಎರೆಭೂಮಿಯ ಊರುಗಳಿಗೆ ಬಂದು ಸಭೆಗಳನ್ನು ಕಟ್ಟಿದರು. ಅಂದರೆ ಐಕ್ಯವೆಂಬುದು ಇತ್ತೀಚೆಗೆ ಯಾರೋ ನಮಗೆ ಕಲಿಸಿಕೊಟ್ಟ ಪಾಠವಲ್ಲ; ಬೆಟಗೇರಿಯ ಮೊದಲ ನೇಕಾರ ಕುಟುಂಬಕ್ಕೆ ನೀರು ಮುಟ್ಟಿಸಿದ ಕೈಯಲ್ಲೇ ಅದು ಇತ್ತು.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. 1919ರ ಮೇ ತಿಂಗಳಲ್ಲಿ ತಮಿಳುನಾಡಿನ ಕರಾವಳಿಯ ತರಂಗಂಬಾಡಿಯಲ್ಲಿ ಕೆಲವು ಸಭಾನಾಯಕರು ಸೇರಿದರು. ಅವರಲ್ಲಿ ಹೆಚ್ಚಿನವರು ಭಾರತೀಯರೇ. 1912ರಲ್ಲಿ ದೋರ್ನಕಲ್ಲಿನ ಬಿಷಪ್ಪರಾಗಿ, ಇಂಗ್ಲೆಂಡ್ ಮೂಲದ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಎನಿಸಿದ ವಿ. ಎಸ್. ಅಜರಯ್ಯನವರು ಅಲ್ಲಿ ಮುಂದಾಳುಗಳಲ್ಲಿ ಒಬ್ಬರಾಗಿದ್ದರು. ಈ ಒಡಕುಗಳನ್ನು ಹುಟ್ಟಿಸಿದವರು ನಾವಲ್ಲ, ಹೊರಗಿನಿಂದ ನಮ್ಮ ಮೇಲೆ ಹೇರಲ್ಪಟ್ಟವು ಇವು, ಇವನ್ನು ಮುಂದುವರಿಸುವ ಇಚ್ಛೆಯೂ ನಮಗಿಲ್ಲ ಎಂದು ಅವರು ಬರೆದು ಸಹಿ ಹಾಕಿದರು. ಆ ಸಹಿಯಿಂದ ಐಕ್ಯಕ್ಕೆ ಇಪ್ಪತ್ತೆಂಟು ವರ್ಷ ಹಿಡಿಯಿತು. 1947ರ ಸೆಪ್ಟೆಂಬರ್ 27ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದ ಆರೇ ವಾರಗಳಲ್ಲಿ, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಅಜರಯ್ಯನವರು ಅದನ್ನು ನೋಡಲಿಲ್ಲ. 1945ರ ಜನವರಿ 1ರಂದೇ ತೀರಿಕೊಂಡಿದ್ದರು. ನಮ್ಮ ಬಾಸೆಲ್ ಮಿಶನ್ ಸಭೆಗಳು ಮೊದಲ ದಿನವೇ ಅದರಲ್ಲಿ ಸೇರಿದವಲ್ಲ, ನಂತರ ಬಂದವು. ಈಗ ಧಾರವಾಡದಲ್ಲಿ ಕೇಂದ್ರವಿರುವ ಕರ್ನಾಟಕ ಉತ್ತರ ಸಭಾಪ್ರಾಂತದೊಳಗೆ ನಾವಿದ್ದೇವೆ.

ಆ ಐಕ್ಯವನ್ನು ಸಾಧ್ಯ ಮಾಡಿದ ಒಂದು ಉಪಾಯವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದೆ ನಾನು ಹೇಳಹೊರಟ ಮಾತಿಗೆ ಅದೇ ಆಧಾರ. ಆಂಗ್ಲಿಕನ್ನರಿಗೆ ಬಿಷಪ್ಪರಿಲ್ಲದೆ ಸಭಾಸೇವೆಗೆ ನೇಮಕವೇ ಇಲ್ಲ. ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್, ಮೆಥೊಡಿಸ್ಟ್ ಸಭೆಗಳಲ್ಲಿ ಅಂಥ ಬಿಷಪ್ಪರು ನೇಮಿಸದೇ ಇದ್ದ ಸಭಾಪಾಲಕರು ನೂರಾರು ಮಂದಿ. ಇವರಿಗೆಲ್ಲ ಬಿಷಪ್ಪರ ಕೈಯಿಂದ ಇನ್ನೊಮ್ಮೆ ಹಸ್ತನಿಕ್ಷೇಪ (ತಲೆಯ ಮೇಲೆ ಕೈಯಿಟ್ಟು ನೇಮಿಸುವುದು) ಆಗಲಿ ಎಂದು ಆಂಗ್ಲಿಕನ್ನರು ಹಟ ಹಿಡಿದಿದ್ದರೆ ಐಕ್ಯ ಅಲ್ಲಿಗೇ ಮುಗಿಯುತ್ತಿತ್ತು. ಹಾಗೆ ಮಾಡಲಿಲ್ಲ. ಈಗಾಗಲೇ ಸೇವೆಯಲ್ಲಿರುವವರನ್ನು ಹಾಗೆಯೇ ಸ್ವೀಕರಿಸುವುದು, ಇನ್ನು ಮುಂದೆ ಆಗುವ ನೇಮಕಗಳೆಲ್ಲ ಬಿಷಪ್ಪರ ಕೈಯಿಂದ ಆಗುವುದು, ಮೂವತ್ತು ವರ್ಷಗಳ ನಂತರ ಇಡೀ ವಿಷಯವನ್ನು ಮತ್ತೆ ನೋಡುವುದು ಎಂದು ಒಪ್ಪಂದವಾಯಿತು. ಜೊತೆಗೆ, ಯಾವ ಸಭೆಯ ಮನಸ್ಸಾಕ್ಷಿಗೆ ವಿರೋಧವಾದ ಸೇವಕನನ್ನೂ ಆ ಸಭೆಯ ಮೇಲೆ ಹೇರುವುದಿಲ್ಲ ಎಂಬ ವಚನವನ್ನೂ ಕೊಟ್ಟುಕೊಂಡರು. ದೇವರು ಇನ್ನೊಬ್ಬರ ಕೈಯಿಂದ ಮಾಡಿಸಿದ ಕೆಲಸವನ್ನು ನಾವು ಅಳಿಸಿ ಪುನಃ ಬರೆಯುವುದಿಲ್ಲ ಎಂಬ ಭಯಭಕ್ತಿ ಆ ಒಪ್ಪಂದದಲ್ಲಿದೆ. ನಮ್ಮ ಸಭೆಯ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದೇ.

ಈಗ ನಮ್ಮ ಊರುಗಳ ಇಂದಿನ ಸ್ಥಿತಿ. ಹುಬ್ಬಳ್ಳಿಗೆ ರೈಲ್ವೆ ವರ್ಕ್‌ಶಾಪ್ ಬಂದ ಮೇಲೆ ತಮಿಳರು, ತೆಲುಗರು, ಗೋವೆಯವರು, ಆಂಗ್ಲೋ-ಇಂಡಿಯನ್ನರು ತಮ್ಮ ತಮ್ಮ ಸಭೆಗಳೊಂದಿಗೆ ಬಂದರು. ಹಾಗಾಗಿ ಅಲ್ಲಿ ಹಿಂದಿನಿಂದಲೂ ಹಲವು ಬಗೆಯ ಕ್ರೈಸ್ತರು ಅಕ್ಕಪಕ್ಕದಲ್ಲೇ ಬದುಕಿದ್ದಾರೆ. ಆದರೆ ಕಳೆದ ಮೂರು ನಾಲ್ಕು ದಶಕಗಳಲ್ಲಿ ಹುಬ್ಬಳ್ಳಿ, ಗದಗ, ರಾಣೆಬೆನ್ನೂರು, ಹಾವೇರಿಯ ಬಡಾವಣೆಗಳಲ್ಲಿ, ಬಾಡಿಗೆ ಮನೆಯ ಮಾಳಿಗೆಯಲ್ಲಿ, ತಗಡಿನ ಶೆಡ್ಡಿನಲ್ಲಿ, ಮದುವೆ ಹಾಲಿನಲ್ಲಿ ಹುಟ್ಟಿದ ಪೆಂತೆಕೊಸ್ತ್ ಮತ್ತು ಸ್ವತಂತ್ರ ಸಹವಾಸಗಳು, ಅಂದರೆ ಸಣ್ಣ ಸಣ್ಣ ಸಭೆಗಳು, ಹೊಸ ಸಂಗತಿ. ಅವರ ಪ್ರಾರ್ಥನೆಯ ಬಿಸಿ, ಬಡವರ ಮನೆ ಬಾಗಿಲಿಗೆ ಹೋಗುವ ಅವರ ರೀತಿ, ಕುಡಿತ ಬಿಡಿಸಿ ಸಂಸಾರಗಳನ್ನು ನಿಲ್ಲಿಸಿದ ಅವರ ಕೆಲಸ, ಇವೆಲ್ಲವನ್ನೂ ನಾನು ಕಣ್ಣಾರೆ ಕಂಡಿದ್ದೇನೆ, ಗೌರವಿಸುತ್ತೇನೆ. 2021ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮತಾಂತರ ತಡೆ ವಿಧೇಯಕ ಬಂದಾಗ ಕಥೋಲಿಕರು, ಸಿಎಸ್‌ಐನವರು, ಪೆಂತೆಕೊಸ್ತರು ಒಂದೇ ದನಿಯಲ್ಲಿ ಮಾತಾಡಿದರು. ಅಂಜಿಕೆಯ ಕಾಲದಲ್ಲಿ ಒಗ್ಗೂಡುವುದು ಸಹಜ. ಅಂಜಿಕೆ ಕಳೆದ ಮೇಲೂ ಒಬ್ಬರು ಇನ್ನೊಬ್ಬರನ್ನು ಕ್ರೈಸ್ತರೆಂದು ಎಣಿಸುತ್ತಾರೆಯೇ ಎಂಬುದೇ ಮುಖ್ಯ.

ಬೆಟಗೇರಿಯಲ್ಲಿರುವ ನಮ್ಮ ದೊಡ್ಡವ್ವನ ಮಗ, ನನಗಿಂತ ಚಿಕ್ಕವನು, ಕೆಲವು ವರ್ಷಗಳ ಹಿಂದೆ ಇಂಥ ಒಂದು ಸಹವಾಸಕ್ಕೆ ಹೋಗತೊಡಗಿದ. ಅಲ್ಲಿಯವರೆಗೆ ದೇವಾಲಯಕ್ಕೆ ಕ್ರಿಸ್ಮಸ್ಸಿಗೂ ಈಸ್ಟರಿಗೂ ಮಾತ್ರ ಬರುತ್ತಿದ್ದವನು ನಸುಕಿನಲ್ಲೆದ್ದು ಸತ್ಯವೇದ ಓದತೊಡಗಿದ. ದೊಡ್ಡವ್ವ ಸಂತೋಷಪಟ್ಟಳು. ಆಮೇಲೆ ಅವರ ಪಾಸ್ಟರು, ಕೂಸಿನಲ್ಲಿ ಹಾಕಿದ ನೀರು ಲೆಕ್ಕಕ್ಕಿಲ್ಲ, ಮುಳುಗುವ ದೀಕ್ಷಾಸ್ನಾನ ಆಗದೆ ಸಹವಾಸದಲ್ಲಿ ಕರ್ತನ ಭೋಜನ ಕೊಡುವುದಿಲ್ಲ ಎಂದರು. ಮುಂಡರಗಿ ಕಡೆಯ ತುಂಗಭದ್ರೆಯ ದಂಡೆಯಲ್ಲಿ ಕೊರ್ಲಹಳ್ಳಿಯ ಹತ್ತಿರ ಅದಕ್ಕೆ ದಿನ ಗೊತ್ತಾಯಿತು. ಹಿಂದಿನ ರಾತ್ರಿ ಅವರ ಮನೆಯಲ್ಲಿ ನಡೆದ ಮಾತಿಗೆ ನಾನೂ ಇದ್ದೆ. ದೊಡ್ಡವ್ವ ಅಂದದ್ದು ಇಷ್ಟು: "ನಿನ್ನ ನಾನ ಎತ್ತಿಕೊಂಡು ನಿಂತಿದ್ದೆ. ಅಯ್ಯನವರು ಮೂರು ಸರ್ತಿ ನೀರು ಹಾಕಿದ್ರು, ತಂದೆಯ ಹೆಸರ ಹೇಳಿದ್ರು, ಮಗನ ಹೆಸರ ಹೇಳಿದ್ರು, ಪವಿತ್ರಾತ್ಮನ ಹೆಸರ ಹೇಳಿದ್ರು. ಆ ನೀರು ದೇವರದಲ್ಲಂದ್ರ ಮತ್ತ ಯಾರದಪಾ?" ಅವನು ದನಿ ಏರಿಸಲಿಲ್ಲ. "ಅವ್ವಾ, ಅವತ್ತು ನಂಬಿದಾಕಿ ನೀನು. ನಾ ಇವತ್ತು ನಂಬೇನಿ" ಎಂದ.

ತಾಯಿ ಮಗನ ಈ ಎರಡು ಮಾತುಗಳಲ್ಲಿ ಕ್ರೈಸ್ತ ಸಭೆಯ ಹದಿನೆಂಟು ಶತಮಾನಗಳ ವಾದ ಪೂರ್ತಿ ಅಡಗಿದೆ. ಮೂರನೆಯ ಶತಮಾನದ ನಡುವೆ, ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು ರೋಮಿನ ಬಿಷಪ್ ಸ್ಟೀಫನ್ ಇದೇ ವಿಷಯಕ್ಕೆ ಗಟ್ಟಿಯಾಗಿ ಜಗಳಾಡಿದರು. ಒಡೆದುಹೋದ ಪಂಗಡದವರು ಕೊಟ್ಟ ದೀಕ್ಷಾಸ್ನಾನ ದೀಕ್ಷಾಸ್ನಾನವೇ ಅಲ್ಲ, ಅಲ್ಲಿಂದ ಬಂದವರಿಗೆ ಹೊಸದಾಗಿ ಕೊಡಬೇಕು ಎಂದು ಸಿಪ್ರಿಯನ್. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೇಕ ದೇವರ ಹೆಸರಿನಲ್ಲಿ ಕೊಟ್ಟಿದ್ದರೆ ಅದು ಆಯಿತು, ಬಂದವರ ಮೇಲೆ ಕೈಯಿಟ್ಟು ಸ್ವೀಕರಿಸಿದರೆ ಸಾಕು ಎಂದು ಸ್ಟೀಫನ್. 314ರಲ್ಲಿ ಆರ್ಲ್ ಪಟ್ಟಣದಲ್ಲಿ ಸೇರಿದ ಪರಿಷತ್ತು ಎರಡನೆಯ ಅಭಿಪ್ರಾಯವನ್ನು ಎತ್ತಿಹಿಡಿಯಿತು. ಆಮೇಲೆ ಉತ್ತರ ಆಫ್ರಿಕದಲ್ಲಿ ಡೊನಾಟಸನ ಅನುಯಾಯಿಗಳು, ಹಿಂಸೆಯ ಕಾಲದಲ್ಲಿ ಸೋತು ಬಾಗಿದವರಿಂದ ನೇಮಕವಾದ ಗುರುಗಳ ದೀಕ್ಷಾಸ್ನಾನವನ್ನು ಒಪ್ಪದೆ ತಮ್ಮಲ್ಲಿಗೆ ಬಂದವರಿಗೆಲ್ಲ ಮತ್ತೆ ಕೊಡತೊಡಗಿದಾಗ, ಅಲ್ಲಿಯ ಹಿಪ್ಪೋದ ಬಿಷಪ್ ಅಗಸ್ಟೀನನು ಅದಕ್ಕೆ ಕೊಟ್ಟ ಉತ್ತರ ಇಂದಿಗೂ ಉಳಿದಿದೆ: ಪೇತ್ರನು ಕೊಟ್ಟರೂ ಯೂದನು ಕೊಟ್ಟರೂ ದೀಕ್ಷಾಸ್ನಾನ ಕೊಡುವವನು ಕ್ರಿಸ್ತನೇ. ಕೊಟ್ಟ ಮನುಷ್ಯನ ಯೋಗ್ಯತೆಯ ಮೇಲೆ ಅದು ನಿಂತಿದ್ದರೆ ನಮ್ಮಲ್ಲಿ ಯಾರ ದೀಕ್ಷಾಸ್ನಾನವೂ ನಿಲ್ಲುವುದಿಲ್ಲ. ದೊಡ್ಡವ್ವ ಅಗಸ್ಟೀನನ ಹೆಸರನ್ನು ಕೇಳಿದವಳಲ್ಲ, ಆದರೂ ಹೇಳಿದ್ದು ಅದನ್ನೇ.

ಆದರೆ ಅವಳ ಮಗನ ಮಾತನ್ನು ಅಷ್ಟು ಸುಲಭವಾಗಿ ಬದಿಗಿಡಲು ನಾನು ಒಲ್ಲೆ. ಅವನ ಪ್ರಶ್ನೆ ಡೊನಾಟಿಸ್ಟರದಲ್ಲ. ಕೊಟ್ಟವರು ಯಾರು ಎಂದು ಅವನು ಕೇಳುತ್ತಿಲ್ಲ, ತೆಗೆದುಕೊಂಡವನಿಗೆ ನಂಬಿಕೆ ಇತ್ತೇ ಎಂದು ಕೇಳುತ್ತಿದ್ದಾನೆ. 1525ರ ಜನವರಿಯಲ್ಲಿ ಜ್ಯೂರಿಕ್ ನಗರದಲ್ಲಿ ಕೆಲವು ಯುವಕರು ಇದನ್ನೇ ಕೇಳಿ, ಒಬ್ಬರಿಗೊಬ್ಬರು ಹೊಸದಾಗಿ ದೀಕ್ಷಾಸ್ನಾನ ಕೊಟ್ಟುಕೊಂಡರು. ಜನ ಅವರನ್ನು ಅನಬ್ಯಾಪ್ಟಿಸ್ಟರು, ಅಂದರೆ ಮತ್ತೆ ದೀಕ್ಷಾಸ್ನಾನ ಕೊಡುವವರು, ಎಂದು ಕರೆದರು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಜ್ ಎಂಬುವನನ್ನು 1527ರ ಜನವರಿ 5ರಂದು ಕೈಕಾಲು ಕಟ್ಟಿ ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರು ರೋಮಿನ ಕಥೋಲಿಕರಲ್ಲ, ಜ್ವಿಂಗ್ಲಿಯ ಸುಧಾರಣೆಯನ್ನು ಒಪ್ಪಿದ ನಗರಸಭೆಯವರು. 1529ರಲ್ಲಿ ಸ್ಪೈಯರ್ ನಗರದ ಸಾಮ್ರಾಜ್ಯ ಸಭೆ, ಎರಡನೆಯ ಸಲ ದೀಕ್ಷಾಸ್ನಾನ ಹೊಂದುವುದಕ್ಕೆ ಮರಣದಂಡನೆಯನ್ನು ಕಾನೂನನ್ನಾಗಿಸಿತು. ಮರುವರ್ಷ ಬಂದ ಲೂಥರನ್ನರ ಔಗ್ಸ್‌ಬುರ್ಗ್ ನಂಬಿಕೆ ಪ್ರಮಾಣ ಅನಬ್ಯಾಪ್ಟಿಸ್ಟರನ್ನು ಹೆಸರು ಹಿಡಿದು ಖಂಡಿಸಿತು. ನಮಗೆ ಸುವಾರ್ತೆ ತಂದವರ ಹಿರೀಕರು ಈ ಎರಡೂ ಕಡೆಯವರು, ಜ್ವಿಂಗ್ಲಿಯ ಮಂದಿ ಮತ್ತು ಲೂಥರನ ಮಂದಿ. ತಮ್ಮ ತಮ್ಮೊಳಗೆ ಕರ್ತನ ಭೋಜನದಲ್ಲಿ ಕೂಡಿಬರದವರು, ನಂಬಿದವರಿಗೇ ದೀಕ್ಷಾಸ್ನಾನ ಎನ್ನುವವರನ್ನು ಹಿಂಸಿಸುವುದರಲ್ಲಿ ಮಾತ್ರ ಕೂಡಿದರು ಎಂಬುದು ಎದೆಗೆ ಚುಚ್ಚುವ ಸತ್ಯ.

ಇದಕ್ಕೆ ಒಂದು ಉತ್ತರ ಬಹಳ ತಡವಾಗಿ ಬಂತು. 2010ರ ಜುಲೈನಲ್ಲಿ ಸ್ಟುಟ್‌ಗಾರ್ಟ್ ನಗರದಲ್ಲಿ ಸೇರಿದ ಲೂಥರನ್ ವಿಶ್ವ ಒಕ್ಕೂಟದ ಮಹಾಸಭೆ, ಅನಬ್ಯಾಪ್ಟಿಸ್ಟರ ವಂಶದವರಾದ ಮೆನ್ನೊನೈಟರ ಮುಂದೆ, ಆ ಹಿಂಸೆಗಾಗಿ ದೇವರಲ್ಲಿಯೂ ಅವರಲ್ಲಿಯೂ ಕ್ಷಮೆ ಬೇಡಿತು. ಮೆನ್ನೊನೈಟರು ಕ್ಷಮಿಸಿದರು, ಕಾಲು ತೊಳೆಯುವ ಮರದ ತೊಟ್ಟಿಯೊಂದನ್ನು ಕಾಣಿಕೆಯಾಗಿ ಕೊಟ್ಟರು. ಸ್ಟುಟ್‌ಗಾರ್ಟ್ ಇರುವುದು ವುರ್ಟೆಂಬರ್ಗ್ ಸೀಮೆಯಲ್ಲಿ. ಹೆರ್ಮನ್ ಮೊಗ್ಲಿಂಗ್‌ರಿಂದ ಹಿಡಿದು ಬಾಸೆಲ್ ಮಿಶನ್ನಿನ ಬಹುಪಾಲು ಮಿಶನರಿಗಳು ಆ ಸೀಮೆಯವರೇ. ನಮ್ಮ ಸಭೆಗಳ ತವರುಮನೆಯಲ್ಲಿ ಈ ಕ್ಷಮಾಪಣೆ ನಡೆದಿರುವಾಗ, ಮುಳುಗುವ ದೀಕ್ಷಾಸ್ನಾನದವರ ಬಗ್ಗೆ ನಮ್ಮ ಪ್ರಸಂಗಪೀಠಗಳಿಂದ ಇನ್ನೂ ತಾತ್ಸಾರದ ಮಾತು ಕೇಳಿಬರುವುದು ಸರಿಯಲ್ಲ.

ನಾವು ಒಪ್ಪಿಕೊಳ್ಳಬೇಕಾದ ಇನ್ನೊಂದು ವಿಷಯ ಮನೆಯೊಳಗಿನದು. ಕೂಸಿನ ದೀಕ್ಷಾಸ್ನಾನದಲ್ಲಿ ತಂದೆತಾಯಿಗಳೂ ಸಭೆಯೂ ಒಂದು ಮಾತು ಕೊಡುತ್ತಾರೆ: ಈ ಮಗುವನ್ನು ಕರ್ತನ ಭಯದಲ್ಲಿ ಬೆಳೆಸುತ್ತೇವೆ ಎಂದು. ನಮ್ಮಲ್ಲಿ ಎಷ್ಟೋ ಕಡೆ ಅದು ಹೆಸರಿಡುವ ಕಾರ್ಯಕ್ರಮವಾಗಿ, ಫೋಟೊ ತೆಗೆಸಿಕೊಳ್ಳುವ, ಊಟ ಹಾಕಿಸುವ ದಿನವಾಗಿ ನಿಂತಿದೆ. ಮಕ್ಕಳು ದೊಡ್ಡವರಾದ ಮೇಲೆ ತಮ್ಮ ಬಾಯಿಂದ ನಂಬಿಕೆ ಹೇಳುವ ದೃಢೀಕರಣದ ತರಗತಿ ಕೆಲವು ಆದಿತ್ಯವಾರಗಳಲ್ಲಿ ಮುಗಿಯುತ್ತದೆ. ಹತ್ತನೇ ಇಯತ್ತೆಯ ಪರೀಕ್ಷೆ ಹತ್ತಿರವಿದ್ದರೆ ಅದೂ ಇಲ್ಲ. ಹೀಗೆ ಕೊಟ್ಟ ಮಾತನ್ನು ಸಭೆ ಮರೆತಿರುವಾಗ, ಇಪ್ಪತ್ತೆಂಟರ ಹುಡುಗನೊಬ್ಬ ತಗಡಿನ ಶೆಡ್ಡಿನಲ್ಲಿ ಮೊದಲ ಬಾರಿಗೆ ತನ್ನ ಬಾಯಿಂದ ನಂಬುತ್ತೇನೆ ಎಂದು ಹೇಳಿ, ಹಿಂದಿನದು ಪೊಳ್ಳು ಎಂದು ತಿಳಿದರೆ ಅದರಲ್ಲಿ ಅವನ ತಪ್ಪೆಷ್ಟು, ನಮ್ಮ ತಪ್ಪೆಷ್ಟು? ಕೂಸಿಗೆ ದೀಕ್ಷಾಸ್ನಾನ ಕೊಡುವುದು ಸರಿ ಎಂದೇ ನಾನು ನಂಬುತ್ತೇನೆ. ನಾವು ಅರಿಯುವ ಮೊದಲೇ ದೇವರ ಕೃಪೆ ನಮ್ಮನ್ನು ಎತ್ತಿಕೊಳ್ಳುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಗುರುತಿಲ್ಲ. ಆದರೆ ಆ ಕೃಪೆಯ ಹಿಂದೆಯೇ ಬರಬೇಕಾದ ಬೋಧನೆಯನ್ನು ಕೊಡದೆ, ಹೋದವರನ್ನು ದೂರುವುದು ನ್ಯಾಯವಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ನಮಗೂ ಕಥೋಲಿಕರಿಗೂ ನಡುವಿನ ಅಂತರ ಬಹಳ ದೊಡ್ಡದೆಂದು ನಾವೆಲ್ಲ ತಿಳಿದಿದ್ದೇವೆ. ಪೋಪರ ಅಧಿಕಾರ, ಮರಿಯಮ್ಮನವರಿಗೆ ಸಲ್ಲುವ ಗೌರವ, ಬಲಿಪೂಜೆ, ಇವುಗಳಲ್ಲಿ ನಾವು ಬೇರೆ. ಅವರ ಪೂಜೆಯಲ್ಲಿ ಪರಮಪ್ರಸಾದ (ಕರ್ತನ ಭೋಜನ) ನಮಗೆ ಸಿಗುವುದಿಲ್ಲ. ಆದರೂ ನಮ್ಮ ಹುಡುಗಿಯೊಬ್ಬಳು ಹುಬ್ಬಳ್ಳಿಯ ಕೇಶ್ವಾಪುರದ ಕಡೆಯ ಕಥೋಲಿಕ ಮನೆತನಕ್ಕೆ ಮದುವೆಯಾಗುವಾಗ ಅವರ ಗುರುಗಳು ಕೇಳುವುದು ಅವಳ ದೀಕ್ಷಾಸ್ನಾನದ ಪ್ರಮಾಣಪತ್ರವನ್ನು. ಅದನ್ನು ನೋಡಿದ ಮೇಲೆ, ಇಬ್ಬರೂ ಕ್ರಿಸ್ತನಲ್ಲಿ ದೀಕ್ಷಾಸ್ನಾನ ಹೊಂದಿದವರು ಎಂದು ಒಪ್ಪಿ, ಧರ್ಮಾಧ್ಯಕ್ಷರ ಅನುಮತಿ ಪಡೆದು ಮದುವೆ ನಡೆಸುತ್ತಾರೆ. ಅವಳು ಮುಂದೆ ಕಥೋಲಿಕಳಾಗಬೇಕೆಂದು ಬಯಸಿದರೂ ಮತ್ತೆ ನೀರು ಹಾಕುವುದಿಲ್ಲ. 1964ರ ನವೆಂಬರ್ 21ರಂದು ಎರಡನೆಯ ವ್ಯಾಟಿಕನ್ ಪರಿಷತ್ತು ಐಕ್ಯದ ಬಗ್ಗೆ ಹೊರಡಿಸಿದ ಶಾಸನ, ಇತರ ಸಭೆಗಳಲ್ಲಿ ಸರಿಯಾಗಿ ದೀಕ್ಷಾಸ್ನಾನ ಹೊಂದಿದವರನ್ನು ಕರ್ತನಲ್ಲಿ ಸಹೋದರರೆಂದು ಕರೆಯಿತು. ಅತ್ತ, ಒಂದೇ ಸತ್ಯವೇದ, ಒಂದೇ ಹಾಡುಗಳು, ಒಂದೇ ಬಗೆಯ ಪ್ರಾರ್ಥನೆ ನಮಗೂ ಪೆಂತೆಕೊಸ್ತರಿಗೂ ಇವೆ. ನಮ್ಮ ಮನೆಯ ಪ್ರಾರ್ಥನಾಕೂಟದಲ್ಲಿ ಅವರ ಪಾಸ್ಟರು ಕೂತು ರೋಗಿಗಾಗಿ ಕಣ್ಣೀರು ಸುರಿಸಿ ಪ್ರಾರ್ಥಿಸುತ್ತಾರೆ. ಆದರೆ ನಾವು ದೀಕ್ಷಾಸ್ನಾನ ಹೊಂದಿದವರು ಎಂದು ಅವರ ಸಭೆ ಒಪ್ಪುವುದಿಲ್ಲ. ದೂರದವರು ನಮ್ಮ ಬಾಗಿಲನ್ನು ಗುರುತಿಸಿದ್ದಾರೆ, ಹತ್ತಿರದವರು ಗುರುತಿಸಿಲ್ಲ. ಐಕ್ಯದ ಕೆಲಸ ಎಲ್ಲಿಂದ ಶುರುವಾಗಬೇಕೆಂಬುದು ಇದರಿಂದ ಗೊತ್ತಾಗುತ್ತದೆ.

ಯೇಸುವಿನ ಹೆಸರಿನಲ್ಲಿ ಮಾತ್ರ ದೀಕ್ಷಾಸ್ನಾನ ಕೊಟ್ಟು ತ್ರಯೇಕತ್ವವನ್ನೇ ಒಪ್ಪದ ಕೆಲವು ಗುಂಪುಗಳಿವೆ. ಅವರೊಂದಿಗಿನ ವ್ಯತ್ಯಾಸ 325ರ ನೈಸಿಯ ಪರಿಷತ್ತಿನ ನಂಬಿಕೆ ಪ್ರಮಾಣದವರೆಗೆ ಹೋಗುತ್ತದೆ. ಅದು ಬೇರೆಯೇ ಚರ್ಚೆ.

ದಾರಿ ಇಲ್ಲವೆಂದು ಹೇಳುವವರಿಗೆ ನಮ್ಮ ದೇಶದಲ್ಲೇ ಉದಾಹರಣೆಯಿದೆ. 1970ರ ನವೆಂಬರ್ 29ರಂದು ನಾಗಪುರದಲ್ಲಿ ಹುಟ್ಟಿದ ಉತ್ತರ ಭಾರತ ಸಭೆಯಲ್ಲಿ ಆಂಗ್ಲಿಕನ್ನರು, ಪ್ರೆಸ್ಬಿಟೇರಿಯನ್ ಹಿನ್ನೆಲೆಯವರು, ಮೆಥೊಡಿಸ್ಟರ ಜೊತೆಗೆ ಬ್ಯಾಪ್ಟಿಸ್ಟರು, ಬ್ರದರನ್ ಸಭೆಯವರು, ಡಿಸೈಪಲ್ಸ್ ಸಭೆಯವರೂ ಸೇರಿದರು. ಇವುಗಳಲ್ಲಿ ಅರ್ಧ ಸಭೆಗಳು ಕೂಸುಗಳಿಗೆ ಕೊಡುವವು, ಇನ್ನರ್ಧ ನಂಬಿದವರಿಗೆ ಮಾತ್ರ ಕೊಡುವವು. ಎರಡನ್ನೂ ಸಮಾನ ಮಾರ್ಗಗಳೆಂದು ಒಪ್ಪಿ, ಕೂಸಿಗೆ ಕೊಡಲು ಮನಸ್ಸಾಕ್ಷಿ ಒಪ್ಪದ ಸಭಾಪಾಲಕನನ್ನು ಒತ್ತಾಯಿಸದೆ, ಒಂದೇ ಸಭೆಯಾಗಿ ಅವರು ಐವತ್ತಕ್ಕೂ ಹೆಚ್ಚು ವರ್ಷ ನಡೆದಿದ್ದಾರೆ. ಕೂಸನ್ನು ದೇವರ ಮುಂದೆ ಅರ್ಪಿಸಿ ಆಶೀರ್ವಾದ ಪಡೆದು, ದೊಡ್ಡವನಾದ ಮೇಲೆ ಅವನ ಬಾಯಿಂದಲೇ ನಂಬಿಕೆ ಕೇಳಿ ನೀರು ಮುಟ್ಟಿಸುವುದು ಒಂದು ದಾರಿ. ಕೂಸಿಗೆ ನೀರು ಮುಟ್ಟಿಸಿ ದೊಡ್ಡವನಾದ ಮೇಲೆ ನಂಬಿಕೆ ಕೇಳುವುದು ಇನ್ನೊಂದು. ಎರಡರಲ್ಲೂ ನೀರಿದೆ, ಎರಡರಲ್ಲೂ ನಂಬಿಕೆಯಿದೆ, ಕ್ರಮ ಮಾತ್ರ ಹಿಂದುಮುಂದು. 1982ರಲ್ಲಿ ಪೆರು ದೇಶದ ಲಿಮಾದಲ್ಲಿ ಸಭೆಗಳ ಜಾಗತಿಕ ಮಂಡಳಿಯ ಆಯೋಗ ಒಪ್ಪಿದ ಹೇಳಿಕೆಯೂ ಇದನ್ನೇ ಹೇಳಿ, ದೀಕ್ಷಾಸ್ನಾನ ಎರಡನೆಯ ಸಲ ಮಾಡುವಂಥದ್ದಲ್ಲ, ಹಾಗೆ ತೋರುವ ಯಾವ ರೂಢಿಯನ್ನೂ ಬಿಡಬೇಕು ಎಂದಿತು. 2007ರ ಏಪ್ರಿಲ್ 29ರಂದು ಜರ್ಮನಿಯ ಮಾಗ್ಡೆಬುರ್ಗಿನಲ್ಲಿ ಕಥೋಲಿಕರಿಂದ ಆರ್ಥೊಡಾಕ್ಸರವರೆಗೆ ಹನ್ನೊಂದು ಸಭೆಗಳು ಪರಸ್ಪರರ ದೀಕ್ಷಾಸ್ನಾನವನ್ನು ಒಪ್ಪಿ ಸಹಿ ಹಾಕಿದವು. ಬ್ಯಾಪ್ಟಿಸ್ಟರೂ ಮೆನ್ನೊನೈಟರೂ ಹಾಕಲಿಲ್ಲ. ಅಂದರೆ ಅಲ್ಲಿಯೂ ಇದು ಮುಗಿದ ಕೆಲಸವಲ್ಲ.

ಇದು ಬರೀ ತತ್ವದ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಭಾಗದ ಒಂದು ಊರಿನಲ್ಲಿ, ಹೆಸರು ಬೇಡ, ಗೌಂಡಿ ಕೆಲಸ ಮಾಡುತ್ತಿದ್ದ ಒಬ್ಬರು ತೀರಿಕೊಂಡರು. ಹಳೆಯ ಸಭೆಯಲ್ಲಿ ಹುಟ್ಟಿ ಬೆಳೆದವರು, ಕೊನೆಯ ವರ್ಷಗಳಲ್ಲಿ ಒಂದು ಸಹವಾಸಕ್ಕೆ ಹೋಗಿ ಮತ್ತೆ ದೀಕ್ಷಾಸ್ನಾನ ಹೊಂದಿದ್ದರು. ಸಹವಾಸಕ್ಕೆ ಸ್ವಂತ ಸ್ಮಶಾನವಿಲ್ಲ. ಅವರ ತಂದೆತಾಯಿಯ ಗೋರಿಗಳು ಹಳೆಯ ಸಭೆಯ ಸ್ಮಶಾನದಲ್ಲಿವೆ. ಅಲ್ಲಿಯ ಕಮಿಟಿಯವರು, ಅವರು ನಮ್ಮ ದೀಕ್ಷಾಸ್ನಾನವನ್ನೇ ತಿರಸ್ಕರಿಸಿ ಹೋದವರು, ಚಂದಾ ಕೂಡ ಬಾಕಿ ಇದೆ ಎಂದು ಜಾಗ ಕೊಡಲು ಒಪ್ಪಲಿಲ್ಲ. ಮುಂಜಾನೆಯಿಂದ ಮಧ್ಯಾಹ್ನ ಇಳಿಯುವವರೆಗೆ ಮಕ್ಕಳು ಹೆಣದ ಮುಂದೆ ಕಾದರು. ಕೊನೆಗೆ ಬಂಧುವೊಬ್ಬರ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಆ ಹೊಲದವರು ಕ್ರೈಸ್ತರಲ್ಲ. ಒಂದು ಕಡೆ ಹಳೆಯ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ ಎಂದವರು, ಇನ್ನೊಂದು ಕಡೆ ಹೊಸದನ್ನು ಹೊಂದಿದ್ದರಿಂದ ಹಳೆಯದು ಹೋಯಿತು ಎಂದವರು; ಎರಡೂ ಕಡೆಯವರು ಒಂದೇ ತಪ್ಪನ್ನು ಮಾಡಿದರು. ದೇವರು ಕೊಟ್ಟದ್ದನ್ನು ತಾವು ವಾಪಸು ಪಡೆಯಬಲ್ಲೆವು ಎಂದುಕೊಂಡರು.

ಇನ್ನೊಂದು ಮಾತನ್ನು ಹೇಳದಿದ್ದರೆ ಪೂರ್ತಿಯಾಗುವುದಿಲ್ಲ. ನಮ್ಮ ಕಡೆ ಪಂಗಡದ ಗೆರೆ ಎಷ್ಟೋ ಸಲ ಜಾತಿಯ ಗೆರೆಯ ಮೇಲೆಯೇ ಬೀಳುತ್ತದೆ. ಯಾವ ಓಣಿಯವರು ಯಾವ ಸಭೆ, ಯಾರ ಮನೆಯಿಂದ ಹೆಣ್ಣು ತರುವುದು, ಯಾರು ಕಮಿಟಿಯಲ್ಲಿ ಕೂರುವುದು ಎಂಬುದನ್ನು ತೀರ್ಮಾನಿಸುವುದು ಲೂಥರನೂ ಅಲ್ಲ ಜ್ವಿಂಗ್ಲಿಯೂ ಅಲ್ಲ.

ದೊಡ್ಡವ್ವನ ಮಗ ನದಿಗೆ ಹೋಗಿ ಬಂದ ಮೇಲೆ, ಅವನ ಮೊದಲ ದೀಕ್ಷಾಸ್ನಾನದ ದಾಖಲೆಯನ್ನು ನೋಡಲು ನಾನು ದೇವಾಲಯದ ಕಚೇರಿಗೆ ಹೋದೆ. ರಟ್ಟಿನ ಬೈಂಡಿನ ಉದ್ದನೆಯ ಪುಸ್ತಕ. ಹುಟ್ಟಿದ ತಾರೀಖು, ದೀಕ್ಷಾಸ್ನಾನದ ತಾರೀಖು, ತಂದೆತಾಯಿಯ ಹೆಸರು, ಕಸುಬು, ಸಾಕ್ಷಿಗಳು, ಅಯ್ಯನವರ ಸಹಿ, ಕೊನೆಯಲ್ಲಿ ಷರಾ ಎಂಬ ಅಂಕಣ. ಅದೇ ಪುಟದಲ್ಲಿ ಬೇರೆ ಇಬ್ಬರ ಮುಂದೆ ಷರಾದಲ್ಲಿ "ಸಭೆ ಬಿಟ್ಟಿದ್ದಾರೆ" ಎಂದು ಬರೆದು ಕೆಳಗೆ ಗೆರೆ ಎಳೆಯಲಾಗಿತ್ತು. ಇವನ ಮುಂದೆ ಹಾಗೆ ಬರೆಯಬೇಡಿರಿ ಎಂದು ಅಯ್ಯನವರನ್ನು ಕೇಳಿಕೊಂಡೆ. ಅವರು ಸ್ವಲ್ಪ ಯೋಚಿಸಿ, "ಬರಿಯೂದಿಲ್ಲ. ಆದರ ಕಮಿಟಿಯವರು ಕೇಳಿದ್ರ ನೀವ ಬಂದು ಹೇಳಬೇಕು" ಎಂದರು. ಬಂದು ಹೇಳುತ್ತೇನೆ ಎಂದಿದ್ದೇನೆ.

ಆಮೇಲೆ ಸಹವಾಸದ ಪಾಸ್ಟರನ್ನೂ ಹೋಗಿ ಕಂಡೆ. ವಯಸ್ಸಿನಲ್ಲಿ ಚಿಕ್ಕವರು, ಹಗಲು ಮೊಬೈಲ್ ಅಂಗಡಿ ನಡೆಸಿ ಸಂಜೆ ಸಭೆ ನೋಡಿಕೊಳ್ಳುವವರು. ಅವರಿಗೆ ನಾನು ಹೇಳಿದ್ದು ಇಷ್ಟು: ತಂದೆ ಮಗ ಪವಿತ್ರಾತ್ಮರ ಹೆಸರಿನಲ್ಲಿ ದೀಕ್ಷಾಸ್ನಾನ ಹೊಂದಿ ಬಂದವರಿಗೆ ಮತ್ತೆ ಕೊಡಬೇಡಿರಿ. ಅವರು ನಿಮ್ಮ ಸಭೆಯ ಮುಂದೆ ನಿಂತು ತಮ್ಮ ನಂಬಿಕೆಯನ್ನು ಬಾಯಿಂದ ಹೇಳಲಿ, ನೀವು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಸ್ವೀಕರಿಸಿರಿ. ನಮ್ಮಲ್ಲಿಂದ ಬರುವವರಿಗೆ ನಾವು ಪತ್ರ ಕೊಟ್ಟು ಕಳಿಸುತ್ತೇವೆ, ನಿಮ್ಮವರು ತೀರಿಕೊಂಡರೆ ನಮ್ಮ ಸ್ಮಶಾನದಲ್ಲಿ ಜಾಗ ಕೊಡಿಸಲು ನಾನೇ ಓಡಾಡುತ್ತೇನೆ. ಅವರು ಬಹಳ ಹೊತ್ತು ಸತ್ಯವೇದ ತೆರೆದು, ಅಪೊಸ್ತಲರ ಕೃತ್ಯಗಳು ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಪೌಲನು ಎಫೆಸದ ಶಿಷ್ಯರಿಗೆ ಮತ್ತೆ ದೀಕ್ಷಾಸ್ನಾನ ಮಾಡಿಸಿದ್ದನ್ನು ತೋರಿಸಿದರು. ಆ ಶಿಷ್ಯರು ಮೊದಲು ಹೊಂದಿದ್ದು ಯೋಹಾನನ ದೀಕ್ಷಾಸ್ನಾನ, ಕ್ರಿಸ್ತನದಲ್ಲ ಎಂದು ನಾನು ತೋರಿಸಿದೆ. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಸಲಿಲ್ಲ. ಕೇಳಿಕೊಂಡು ಬಂದವರಿಗೆ ಇಲ್ಲವೆನ್ನಲು ತಮ್ಮ ಮನಸ್ಸಾಕ್ಷಿ ಒಪ್ಪುವುದಿಲ್ಲ, ಆದರೆ ಇನ್ನು ಮುಂದೆ ಹಿಂದಿನದು ಸುಳ್ಳು ಎಂದು ತಾವಾಗಿ ಬೋಧಿಸುವುದಿಲ್ಲ, ಮತ್ತೆ ಹೊಂದದವರಿಗೂ ಕರ್ತನ ಭೋಜನ ಕೊಡುವ ಬಗ್ಗೆ ತಮ್ಮ ಹಿರಿಯರನ್ನು ಕೇಳುತ್ತೇನೆ ಎಂದರು. ಹಿರಿಯರಿಂದ ಇನ್ನೂ ಉತ್ತರ ಬಂದಿಲ್ಲ. ನಮ್ಮ ಕಮಿಟಿಯಲ್ಲಿ ಸ್ಮಶಾನದ ವಿಷಯ ಮುಂದಿನ ತಿಂಗಳ ಸಭೆಗೆ ಬರುತ್ತದೆ. ಅರ್ಜಿಯನ್ನು ಬರೆದು ಕೊಟ್ಟಿದ್ದೇನೆ.